ಒಂದು ಟೆಂಡರ್, ಮೂರು ಕೌನ್ಸಿಲ್: ಇಂಗ್ಲೆಂಡಿನಲ್ಲಿ ಆರೈಕೆಯನ್ನು ಕೊಳ್ಳುವ ಬಗೆ

ಇಂಗ್ಲೆಂಡಿನಲ್ಲಿ ಆಸ್ಪತ್ರೆ ಸೇರಿದರೆ ಬಿಲ್ ಬರುವುದಿಲ್ಲ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಅದೇ ರೋಗಿ ಮನೆಗೆ ಮರಳಿದ ಮೇಲೆ ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು ಒಬ್ಬರು ಬೇಕಾದರೆ ಬಿಲ್ ಬರಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ಈ ಇಬ್ಭಾಗಕ್ಕೆ 1948ರ ಜುಲೈ 5 ಎಂಬ ಜನ್ಮದಿನವೂ ಇದೆ. ಅಂದು ಒಟ್ಟಿಗೇ ಎರಡು ವ್ಯವಸ್ಥೆಗಳು ಶುರುವಾದವು. ಒಂದು ಎನ್‌ಎಚ್‌ಎಸ್, ಅಂದರೆ ರಾಷ್ಟ್ರೀಯ ಆರೋಗ್ಯ ಸೇವೆ. ಹಣ ಕೊಡುವುದು ಕೇಂದ್ರ ಸರ್ಕಾರ, ಚಿಕಿತ್ಸೆ ಎಲ್ಲರಿಗೂ ಉಚಿತ. ಇನ್ನೊಂದು ರಾಷ್ಟ್ರೀಯ ನೆರವು ಕಾಯ್ದೆ. ಶತಮಾನಗಳಷ್ಟು ಹಳೆಯ ಬಡವರ ಕಾನೂನನ್ನು ಅದು ತೆಗೆದುಹಾಕಿ, ಮುಪ್ಪಿನಿಂದಲೋ ಅಂಗವೈಕಲ್ಯದಿಂದಲೋ ಆಸರೆ ಬೇಕಾದವರ ವಸತಿಯ ಹೊಣೆಯನ್ನು ಸ್ಥಳೀಯ ಕೌನ್ಸಿಲ್‌ಗಳ ಹೆಗಲಿಗೆ ಹಾಕಿತು. ಕೈಲಾದವರಿಂದ ಹಣ ವಸೂಲಿ ಮಾಡಬೇಕು ಎಂಬ ಷರತ್ತೂ ಅದರಲ್ಲೇ ಇತ್ತು.

ಮುಕ್ಕಾಲು ಶತಮಾನ ಕಳೆದರೂ ಗೆರೆ ಅಲ್ಲೇ ಇದೆ. ಇಂಗ್ಲೆಂಡಿನ 153 ಕೌನ್ಸಿಲ್‌ಗಳಿಗೆ ವಯಸ್ಕರ ಸಾಮಾಜಿಕ ಆರೈಕೆಯ ಹೊಣೆಯಿದೆ. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಅಥವಾ ಉಳಿತಾಯ ಇರುವವರು ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ಕೇರ್ ಹೋಮ್, ಅಂದರೆ ಉಳಿದುಕೊಂಡು ಹಗಲಿರುಳು ಆರೈಕೆ ಪಡೆಯುವ ವಸತಿ ಸೇರಿದರೆ, ಸಂಗಾತಿ ಮನೆಯಲ್ಲಿ ಉಳಿದಿಲ್ಲದಿದ್ದರೆ, ಸಾಮಾನ್ಯವಾಗಿ ಸ್ವಂತ ಮನೆಯ ಬೆಲೆಯೂ ಆ ಲೆಕ್ಕಕ್ಕೆ ಬರುತ್ತದೆ. ಈ ಮಿತಿ 2010ರಿಂದ ಒಂದು ಪೌಂಡ್ ಕೂಡ ಏರಿಲ್ಲ. ಜೀವಮಾನದಲ್ಲಿ ಒಬ್ಬರು ಆರೈಕೆಗೆ ತೆರಬೇಕಾದ ಹಣಕ್ಕೆ 86,000 ಪೌಂಡ್‌ನ ಮೇಲ್ಮಿತಿ ಹಾಕುತ್ತೇವೆಂದು 2021ರಲ್ಲಿ ಹೇಳಿದ ಸರ್ಕಾರ ಅದನ್ನು ಮುಂದೂಡುತ್ತ ಬಂತು. 2024ರ ಜುಲೈಯಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಈ ಕೌನ್ಸಿಲ್‌ಗಳು ನಮ್ಮ ಮಹಾನಗರ ಪಾಲಿಕೆಗಳಂತೆ ಚುನಾಯಿತ ಸಂಸ್ಥೆಗಳು. ಲಂಡನ್ ನಗರವೊಂದರಲ್ಲೇ 32 ಬರೋ (ನಗರದೊಳಗಿನ ಆಡಳಿತ ವಿಭಾಗ) ಕೌನ್ಸಿಲ್‌ಗಳಿವೆ. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇರುವುದು ಲ್ಯಾಂಬೆತ್ ಬರೋದಲ್ಲಿ. ಅದರ ಸ್ಥಾಪನೆಗೆ ಓಡಾಡಿದ ಕಲಬುರಗಿ ಮೂಲದ ನೀರಜ್ ಪಾಟೀಲರು ಅಲ್ಲಿ ಮೇಯರ್ ಆಗಿದ್ದವರು. ಪ್ರತಿಮೆಯಿಂದ ಒಂದು ಸೇತುವೆ ದಾಟಿದರೆ ವೆಸ್ಟ್‌ಮಿನ್‌ಸ್ಟರ್. ಅಲ್ಲಿ ಬೇರೆ ಕೌನ್ಸಿಲ್, ಬೇರೆ ಬಜೆಟ್. ಆರೈಕೆಗೆ ಕೊಡುವ ದರವೂ ಬೇರೆಯೇ ಇರಬಹುದು. ಹಲವು ಕೌನ್ಸಿಲ್‌ಗಳು ಒಟ್ಟಾಗಿ ಆರೈಕೆ ಕೊಳ್ಳುವುದು ಎಂಬ ಈ ಲೇಖನದ ವಿಷಯ ಹುಟ್ಟುವುದೇ ಈ ಬೇರೆಬೇರೆತನದಿಂದ.

ಮೊದಲು ಕೌನ್ಸಿಲ್‌ಗಳೇ ವೃದ್ಧಾಶ್ರಮ ನಡೆಸುತ್ತಿದ್ದವು, ಮನೆಗೆ ಸಹಾಯಕರನ್ನು ಕಳಿಸುತ್ತಿದ್ದವು, ಅವರಿಗೆ ಸಂಬಳವನ್ನೂ ಕೊಡುತ್ತಿದ್ದವು. ಮಾರ್ಗರೆಟ್ ಥ್ಯಾಚರ್ ಸರ್ಕಾರದ 1990ರ ಕಾಯ್ದೆ 1993ರ ಏಪ್ರಿಲ್‌ನಲ್ಲಿ ಪೂರ್ತಿ ಜಾರಿಯಾದ ಮೇಲೆ ಚಿತ್ರ ಬದಲಾಯಿತು. ಕೇಂದ್ರ ಕೊಟ್ಟ ವಿಶೇಷ ಅನುದಾನದಲ್ಲಿ ಶೇ. 85ರಷ್ಟನ್ನು ಖಾಸಗಿ ಮತ್ತು ಸ್ವಯಂಸೇವಾ ಸಂಸ್ಥೆಗಳಿಂದ ಸೇವೆ ಕೊಳ್ಳಲು ಬಳಸಬೇಕೆಂಬ ಕಟ್ಟುಪಾಡಿತ್ತು. ಸೇವೆ ಕೊಡುತ್ತಿದ್ದ ಕೌನ್ಸಿಲ್ ಹೀಗೆ ಗಿರಾಕಿಯಾಯಿತು.

ಗಿರಾಕಿಯಾದವರು ಎರಡು ಕೆಲಸ ಕಲಿಯಬೇಕು. ಇಂಗ್ಲೆಂಡಿನ ಆಡಳಿತದಲ್ಲಿ ಅವನ್ನು ಕಮಿಷನಿಂಗ್ ಮತ್ತು ಪ್ರೊಕ್ಯೂರ್‌ಮೆಂಟ್ ಎನ್ನುತ್ತಾರೆ. ಮದುವೆ ಮನೆಯ ಯಜಮಾನರು ಎಷ್ಟು ಜನ ಬರುತ್ತಾರೆ, ಸಕ್ಕರೆ ಕಾಯಿಲೆಯವರೆಷ್ಟು, ರಾತ್ರಿ ಉಳಿಯುವವರೆಷ್ಟು, ಕೈಯಲ್ಲಿರುವ ಹಣವೆಷ್ಟು, ಕಳೆದ ಮದುವೆಯಲ್ಲಿ ಏನು ಎಡವಟ್ಟಾಯಿತು ಎಂದು ಲೆಕ್ಕ ಹಾಕುತ್ತಾರಲ್ಲ, ಅದು ಕಮಿಷನಿಂಗ್. ಅಡುಗೆ ಭಟ್ಟರನ್ನು ಕರೆಸಿ, ಎಲೆಗಿಷ್ಟು ಎಂದು ಮಾತು ಮುಗಿಸಿ, ಮುಂಗಡ ಕೊಡುವುದು ಪ್ರೊಕ್ಯೂರ್‌ಮೆಂಟ್. ಎರಡನೆಯದು ಮೊದಲನೆಯದರ ಒಂದು ತುಂಡು ಮಾತ್ರ. ಆದರೆ ಕಚೇರಿಗಳಲ್ಲಿ ಗಡುವು, ಫಾರ್ಮು, ಕೋರ್ಟಿನ ಭಯ ಎಲ್ಲವೂ ಇರುವುದು ಟೆಂಡರಿಗೆ. ಹಾಗಾಗಿ ಆ ತುಂಡೇ ಇಡೀ ಕೆಲಸವನ್ನು ನುಂಗುವುದು ಸಾಮಾನ್ಯ.

2014ರ ಕೇರ್ ಕಾಯ್ದೆಯ 5ನೇ ಕಲಂ ಈ ಹೊಣೆಯನ್ನು ಇನ್ನಷ್ಟು ಹಿಗ್ಗಿಸಿತು. ತಾನು ಹಣ ಕೊಡುವವರ ಚಿಂತೆಯಷ್ಟೇ ಮಾಡಿದರೆ ಕೌನ್ಸಿಲ್‌ಗೆ ಸಾಲದು. ಸ್ವಂತ ಹಣದಲ್ಲಿ ಆರೈಕೆ ಕೊಳ್ಳುವವರಿಗೂ ಒಳ್ಳೆಯ, ತರಹೇವಾರಿ ಸೇವೆಗಳು ಸಿಗುವಂತೆ ತನ್ನ ಪ್ರದೇಶದ ಮಾರುಕಟ್ಟೆಯನ್ನೇ ಅದು ರೂಪಿಸಬೇಕು. ಮಾರುಕಟ್ಟೆಗೆ ಕೌನ್ಸಿಲ್‌ನ ಗಡಿ ಗೊತ್ತಿಲ್ಲ ಎನ್ನುವುದೇ ಇಲ್ಲಿನ ತೊಡಕು.

ಒಂದು ಕೇರ್ ಹೋಮ್ ಇದೆ ಎನ್ನಿ. ಅಲ್ಲಿರುವ ಕೆಲವರನ್ನು ಸ್ಥಳೀಯ ಕೌನ್ಸಿಲ್ ಸೇರಿಸಿದೆ, ಕೆಲವರನ್ನು ಪಕ್ಕದ ಎರಡು ಕೌನ್ಸಿಲ್‌ಗಳು ಸೇರಿಸಿವೆ, ಉಳಿದವರು ಸ್ವಂತ ಖರ್ಚಿನವರು. ಕೋಣೆಯೂ ಊಟವೂ ದಾದಿಯೂ ಒಂದೇ, ದರ ಮಾತ್ರ ನಾಲ್ಕು ಬಗೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2017ರಲ್ಲಿ ಕೇರ್ ಹೋಮ್ ಮಾರುಕಟ್ಟೆಯನ್ನು ತನಿಖೆ ಮಾಡಿದಾಗ, ಒಂದೇ ಹೋಮ್‌ನಲ್ಲಿ ಸ್ವಂತ ಖರ್ಚಿನವರು ಕೌನ್ಸಿಲ್‌ಗಳಿಗಿಂತ ಸರಾಸರಿ ಶೇ. 40ಕ್ಕೂ ಹೆಚ್ಚು ತೆರುತ್ತಿದ್ದುದು ಕಂಡುಬಂತು. ಕೌನ್ಸಿಲ್ ಚೌಕಾಸಿ ಮಾಡಿ ಉಳಿಸಿದ ಹಣವನ್ನು ಪಕ್ಕದ ಕೋಣೆಯ ಮುದುಕಿ ತುಂಬಿಕೊಡುತ್ತಿದ್ದಾಳೆ ಎಂದು ಇದನ್ನು ಓದಿಕೊಳ್ಳಬಹುದು. ಕೌನ್ಸಿಲ್‌ಗಳ ನಡುವೆಯೂ ಪೈಪೋಟಿ ಇದೆ. ಆಸ್ಪತ್ರೆಯಿಂದ ರೋಗಿಯನ್ನು ಬೇಗ ಬಿಡಿಸಬೇಕಾದ ಕೌನ್ಸಿಲ್ ಶುಕ್ರವಾರ ಸಂಜೆ ಹೆಚ್ಚು ದರಕ್ಕೂ ಒಪ್ಪುತ್ತದೆ. ಸೋಮವಾರದ ಹೊತ್ತಿಗೆ ಅದೇ ಊರಿನ ದರವಾಗಿಬಿಡುತ್ತದೆ.

ಗಡಿಯಾಚೆಗೆ ಕಳಿಸುವುದು ಇನ್ನೂ ಗೋಜಲು. ಲಂಡನ್ನಿನಲ್ಲಿ ಜಾಗ ದುಬಾರಿ. ಹೀಗಾಗಿ ಅಲ್ಲಿನ ಬರೋಗಳು ತಮ್ಮವರನ್ನು ಕೆಂಟ್‌ನಂಥ ಜಿಲ್ಲೆಗಳ ಹೋಮ್‌ಗಳಿಗೆ ಕಳಿಸುತ್ತವೆ. ಕಾನೂನಿನ ಪ್ರಕಾರ ಕಳಿಸಿದ ಬರೋವೇ ಬಿಲ್ ಕಟ್ಟಬೇಕು. ಆದರೆ ಆ ವ್ಯಕ್ತಿಗೆ ಅಲ್ಲಿ ಹಿಂಸೆಯೋ ನಿರ್ಲಕ್ಷ್ಯವೋ ಆಯಿತೆಂಬ ದೂರು ಬಂದರೆ ವಿಚಾರಿಸಬೇಕಾದದ್ದು ಕೆಂಟ್. ಹಣ ಒಬ್ಬರದು, ಕಣ್ಣು ಇನ್ನೊಬ್ಬರದು. ಇಬ್ಬರೂ ಮಾತಾಡಿಕೊಳ್ಳದಿದ್ದರೆ ಏನಾಗುತ್ತದೆಂದು 2011ರಲ್ಲಿ ಬ್ರಿಸ್ಟಲ್ ಸಮೀಪದ ವಿಂಟರ್‌ಬೋರ್ನ್ ವ್ಯೂ ತೋರಿಸಿತು.

ಅದು ಬುದ್ಧಿಮಾಂದ್ಯತೆ ಮತ್ತು ಆಟಿಸಂ ಇರುವವರಿಗಾಗಿ ನಡೆಯುತ್ತಿದ್ದ 24 ಹಾಸಿಗೆಗಳ ಖಾಸಗಿ ಆಸ್ಪತ್ರೆ. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್. ಬೇರೆಬೇರೆ ಊರುಗಳ ಆರೋಗ್ಯ ಸಂಸ್ಥೆಗಳು ತಮ್ಮ ಒಬ್ಬಿಬ್ಬರನ್ನು ಅಲ್ಲಿ ಇಟ್ಟು ದುಡ್ಡು ಕಟ್ಟುತ್ತಿದ್ದವು. ಬಿಬಿಸಿಯ ಪನೋರಮಾ ಕಾರ್ಯಕ್ರಮದ ಗುಪ್ತ ಕ್ಯಾಮೆರಾ ಒಳಹೊಕ್ಕಾಗ ಕಂಡದ್ದು ಹೊಡೆತ, ಬೈಗುಳ, ನೆಲಕ್ಕೆ ಕೆಡವಿ ಅದುಮುವ ಸಿಬ್ಬಂದಿ. ಆ ವರ್ಷವೇ ಆಸ್ಪತ್ರೆ ಮುಚ್ಚಿತು, 2012ರಲ್ಲಿ 11 ಮಂದಿಗೆ ಶಿಕ್ಷೆಯಾಯಿತು. ಕೊಂಡವರು ಹಲವರು, ಕೊಂಡದ್ದನ್ನು ಒಟ್ಟಾಗಿ ನೋಡಿದವರು ಯಾರೂ ಇಲ್ಲ. ತಮ್ಮ ಒಬ್ಬ ರೋಗಿಗಾಗಿ ನೂರಾರು ಮೈಲಿ ದೂರದಿಂದ ಬಂದು ಇಡೀ ಸಂಸ್ಥೆಯನ್ನು ತಪಾಸಣೆ ಮಾಡುವ ಅಧಿಕಾರಿ ಎಲ್ಲಿಂದ ಸಿಗಬೇಕು? ಆಮೇಲೆ ಸರ್ಕಾರ ಇಂಗ್ಲೆಂಡನ್ನು 48 ಪಾಲುದಾರಿಕೆಗಳಾಗಿ ವಿಂಗಡಿಸಿ, ಕೌನ್ಸಿಲ್‌ಗಳೂ ಎನ್‌ಎಚ್‌ಎಸ್ಸೂ ಒಟ್ಟಾಗಿ ಇಂಥವರಿಗೆ ಆಸ್ಪತ್ರೆಯ ಹೊರಗೆ ಮನೆ, ಬೆಂಬಲ ಕಟ್ಟಿಕೊಡಬೇಕೆಂದು ಹೇಳಿತು. ಕೆಲಸ ನಿಧಾನ, ಗುರಿಗಳು ಪದೇಪದೇ ತಪ್ಪಿವೆ. ಆದರೂ ಜಂಟಿಯಾಗಿ ಕೊಳ್ಳಬೇಕೇಕೆ ಎಂದು ಕೇಳುವವರಿಗೆ ಇದಕ್ಕಿಂತ ನೇರ ಉತ್ತರ ಇಲ್ಲ.

ಅದೇ 2011ರಲ್ಲಿ ಸದರ್ನ್ ಕ್ರಾಸ್ ಎಂಬ ಕಂಪನಿಯೂ ಕುಸಿಯಿತು. ಸುಮಾರು 750 ಕೇರ್ ಹೋಮ್, 31,000 ನಿವಾಸಿಗಳು. ತನ್ನ ಕಟ್ಟಡಗಳನ್ನು ಮಾರಿ ಅವನ್ನೇ ಬಾಡಿಗೆಗೆ ಪಡೆದಿದ್ದ ಕಂಪನಿಗೆ ಬಾಡಿಗೆ ಏರುತ್ತ ಹೋಯಿತು, ಕೌನ್ಸಿಲ್‌ಗಳು ಕೊಡುವ ದರ ಏರಲಿಲ್ಲ. ತನ್ನ ಊರಿನ ಎರಡು ಹೋಮ್‌ಗಳ ಗುತ್ತಿಗೆ ಪತ್ರ ನೋಡುತ್ತ ಕೂತ ಕೌನ್ಸಿಲ್‌ಗೆ ಇಂಥ ಕಂಪನಿಯ ಬ್ಯಾಲೆನ್ಸ್ ಶೀಟ್ ಕಾಣಿಸುವ ಮಾತೇ ಇಲ್ಲ. ಈಗ ದೊಡ್ಡ ಕಂಪನಿಗಳ ಹಣಕಾಸಿನ ಮೇಲೆ ಆರೈಕೆ ಗುಣಮಟ್ಟ ಆಯೋಗ ನಿಗಾ ಇಡುತ್ತದೆ. ಕಂಪನಿ ಮುಳುಗಿದರೆ ಆರೈಕೆ ನಿಲ್ಲದಂತೆ ನೋಡಿಕೊಳ್ಳುವ ತಾತ್ಕಾಲಿಕ ಹೊಣೆ ಆಯಾ ಊರಿನ ಕೌನ್ಸಿಲ್‌ನದು.

ಹಾಗಾದರೆ ಒಟ್ಟಾಗುವುದು ಹೇಗೆ? ಕಾನೂನಿನಲ್ಲಿ ದಾರಿಗಳು ಬೇಕಾದಷ್ಟಿವೆ. 1972ರ ಸ್ಥಳೀಯ ಸರ್ಕಾರ ಕಾಯ್ದೆ ಒಂದು ಕೌನ್ಸಿಲ್ ತನ್ನ ಕೆಲಸವನ್ನು ಇನ್ನೊಂದರಿಂದ ಮಾಡಿಸಿಕೊಳ್ಳಲು, ಸಿಬ್ಬಂದಿಯನ್ನು ಎರವಲು ಕೊಡಲು ಅವಕಾಶ ಕೊಡುತ್ತದೆ. ಎನ್‌ಎಚ್‌ಎಸ್ ಜೊತೆಗಾದರೆ 2006ರ ಆರೋಗ್ಯ ಸೇವಾ ಕಾಯ್ದೆಯ 75ನೇ ಕಲಂ ಇದೆ. ಇಬ್ಬರೂ ಹಣವನ್ನು ಒಂದೇ ನಿಧಿಗೆ ಹಾಕಿ, ಅದರಿಂದ ಖರ್ಚು ಮಾಡಬಹುದು. 2015ರಲ್ಲಿ ಶುರುವಾದ ಬೆಟರ್ ಕೇರ್ ಫಂಡ್ ಎಂಬ ಜಂಟಿ ನಿಧಿ ನಿಂತಿರುವುದು ಈ ಕಲಮಿನ ಮೇಲೆ. ವೇಲ್ಸ್‌ನಲ್ಲಿ ವೃದ್ಧರ ಕೇರ್ ಹೋಮ್‌ಗಳ ಹಣವನ್ನು ಹೀಗೆ ಒಂದು ಕಡೆ ಸೇರಿಸುವುದು 2018ರಿಂದ ಕಡ್ಡಾಯ. ಸ್ಕಾಟ್ಲೆಂಡ್ 2014ರ ಕಾಯ್ದೆಯಲ್ಲೇ ಆರೋಗ್ಯ ಮಂಡಳಿ ಮತ್ತು ಕೌನ್ಸಿಲ್‌ಗಳನ್ನು ಒಂದೇ ಸೂರಿನಡಿ ತಂದಿದೆ.

ರೂಢಿಯಲ್ಲಿರುವ ಸರಳ ದಾರಿಯೆಂದರೆ ಒಂದು ಕೌನ್ಸಿಲ್ ಮುಂದಾಳಾಗಿ ಟೆಂಡರ್ ಕರೆಯುವುದು, ಉಳಿದವರ ಹೆಸರನ್ನು ಪ್ರಕಟಣೆಯಲ್ಲೇ ಸೇರಿಸುವುದು. ಅದರಿಂದ ಒಂದು ಚೌಕಟ್ಟು ಒಪ್ಪಂದ ಹುಟ್ಟುತ್ತದೆ: ಷರತ್ತು, ಗುಣಮಟ್ಟ, ದರ ಎಲ್ಲವೂ ಮೊದಲೇ ನಿಶ್ಚಯ, ಕೆಲಸ ಬಂದಾಗ ಆಯಾ ಕೌನ್ಸಿಲ್ ಅದರಡಿಯಲ್ಲಿ ಆದೇಶ ಕೊಡುತ್ತದೆ. ಗೆದ್ದ ಏಜೆನ್ಸಿಗೆ, ಅಂದರೆ ಆರೈಕೆ ಒದಗಿಸುವ ಸಂಸ್ಥೆಗೆ, ಕೆಲಸ ಸಿಗುತ್ತದೆಂಬ ಖಾತರಿ ಮಾತ್ರ ಇಲ್ಲ. ಖಾತರಿ ಬೇಕಿದ್ದರೆ ಬ್ಲಾಕ್ ಗುತ್ತಿಗೆ, ಅಂದರೆ ಇಷ್ಟು ಹಾಸಿಗೆ ಅಥವಾ ಇಷ್ಟು ಗಂಟೆಗಳಿಗೆ, ಬಳಸಿದರೂ ಬಿಟ್ಟರೂ, ಹಣ. ಇನ್ನೊಂದು ತುದಿಯಲ್ಲಿ ಸ್ಪಾಟ್ ಖರೀದಿ. ಇಂದು ಒಬ್ಬರಿಗೆ ಬೇಕು, ಇಂದಿನ ದರ ಎಷ್ಟು?

ಯಾವ ಕಾನೂನಿನಡಿ ಟೆಂಡರ್ ಎಂಬುದೇ ಒಂದು ತಲೆನೋವು. 2025ರ ಫೆಬ್ರುವರಿ 24ರಿಂದ ಜಾರಿಯಲ್ಲಿರುವ 2023ರ ಪ್ರೊಕ್ಯೂರ್‌ಮೆಂಟ್ ಕಾಯ್ದೆ ಸಾಮಾಜಿಕ ಆರೈಕೆಗೆ ಸಡಿಲ ನಿಯಮಗಳನ್ನು ಇಟ್ಟಿದೆ. 6,63,540 ಪೌಂಡ್‌ಗಿಂತ ಕೆಳಗಿನ ಗುತ್ತಿಗೆಗಳಿಗೆ ಅವೂ ಅಷ್ಟಾಗಿ ತಟ್ಟುವುದಿಲ್ಲ. ಆರೋಗ್ಯ ಸೇವೆಗೆ 2024ರ ಜನವರಿಯಿಂದ ಬೇರೆಯೇ ನಿಯಮಾವಳಿ; ಅಲ್ಲಿ ಕೆಲವು ಸಂದರ್ಭಗಳಲ್ಲಿ ಸ್ಪರ್ಧೆಯಿಲ್ಲದೆಯೂ ಈಗಿರುವವರನ್ನೇ ಮುಂದುವರಿಸಬಹುದು. ಕೌನ್ಸಿಲ್ ಮತ್ತು ಎನ್‌ಎಚ್‌ಎಸ್ ಒಟ್ಟಾಗಿ ಒಂದು ಸೇವೆ ಕೊಳ್ಳಹೊರಟರೆ, ಅದರಲ್ಲಿ ಹೆಚ್ಚಿನ ಪಾಲು ಚಿಕಿತ್ಸೆಯೋ ಆರೈಕೆಯೋ ಎಂದು ಮೊದಲು ತೂಗಿ ನೋಡಬೇಕು. 1948ರ ಗೆರೆ ಮತ್ತೆ ಎದುರಾಗುವುದು ಹೀಗೆ.

ಇನ್ನು ಟೆಂಡರಿನ ಅಂಕಗಣಿತ. ನಮ್ಮಲ್ಲಿ ಎಲ್-1 ಎಂದರೆ ಗುತ್ತಿಗೆದಾರರಿಗೆಲ್ಲ ಅರ್ಥವಾಗುತ್ತದೆ: ಕಡಿಮೆ ದರ ಬರೆದವನಿಗೆ ಕೆಲಸ. ಇಂಗ್ಲೆಂಡಿನಲ್ಲಿ ಗುಣಮಟ್ಟಕ್ಕೆ ಇಷ್ಟು, ದರಕ್ಕೆ ಇಷ್ಟು ಎಂದು ಅಂಕ ಹಂಚುತ್ತಾರೆ. ಊಹೆಯ ಲೆಕ್ಕವೊಂದನ್ನು ನೋಡೋಣ. ಒಂದು ಏಜೆನ್ಸಿ ಗಂಟೆಗೆ 24 ಪೌಂಡ್ ಕೇಳುತ್ತದೆ, ಇನ್ನೊಂದು 30. ದರಕ್ಕೆ 40 ಅಂಕವಿದ್ದರೆ ಮೊದಲನೆಯದಕ್ಕೆ ಪೂರ್ತಿ 40, ಎರಡನೆಯದಕ್ಕೆ ಅನುಪಾತದಂತೆ 32. ಅಂತರ 8. ದರಕ್ಕೆ 60 ಅಂಕವಿಟ್ಟರೆ 60 ಮತ್ತು 48, ಅಂತರ 12. ಗುಣಮಟ್ಟದ ಅಂಕ ಬರುವುದು ಏಜೆನ್ಸಿ ಬರೆದುಕೊಟ್ಟ ಉತ್ತರಗಳಿಂದ. ಅನುಭವಿ ಏಜೆನ್ಸಿಗಳೆಲ್ಲ ಚೆನ್ನಾಗಿಯೇ ಬರೆಯುತ್ತವೆ, ಬರೆಯಲೆಂದೇ ಜನರನ್ನು ಇಟ್ಟುಕೊಂಡಿರುತ್ತವೆ. ಆದ್ದರಿಂದ ಆ ಕಡೆ ಎಲ್ಲರ ಅಂಕವೂ ಆಸುಪಾಸಿನಲ್ಲೇ ಇರುತ್ತದೆ. ಕಾಗದದ ಮೇಲೆ ಗುಣಮಟ್ಟಕ್ಕೇ ಹೆಚ್ಚು ತೂಕ ಕೊಟ್ಟಿದ್ದರೂ ಗೆಲ್ಲಿಸುವುದು ದರ. ದರವನ್ನು ಕೌನ್ಸಿಲ್‌ಗಳೇ ನಿಗದಿ ಮಾಡಿ ಗುಣಮಟ್ಟದಲ್ಲಿ ಮಾತ್ರ ಸ್ಪರ್ಧಿಸಿ ಎನ್ನುವ ಟೆಂಡರ್‌ಗಳೂ ಇವೆ. ನನಗೆ ಅದೇ ಪ್ರಾಮಾಣಿಕ ದಾರಿ ಎನಿಸುತ್ತದೆ, ನಿಗದಿಯಾದ ದರ ಬದುಕುವಷ್ಟಿದ್ದರೆ.

ಬದುಕುವಷ್ಟು ಎಂದರೆ ಎಷ್ಟು? 2025ರ ಏಪ್ರಿಲ್‌ನಲ್ಲಿ ವಯಸ್ಕರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಆಯಿತು. ಆದರೆ ಕೇರರ್, ಅಂದರೆ ಆರೈಕೆ ಮಾಡುವ ಕೆಲಸಗಾರರು, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ಸಮಯಕ್ಕೂ ಕಾನೂನಿನಂತೆ ವೇತನ ಲೆಕ್ಕ ಹಾಕಬೇಕು. ರಜೆಯ ಸಂಬಳ, ಪಿಂಚಣಿ, ಅದೇ ಏಪ್ರಿಲ್‌ನಲ್ಲಿ ಶೇ. 15ಕ್ಕೆ ಏರಿದ ಮಾಲೀಕರ ರಾಷ್ಟ್ರೀಯ ವಿಮೆಯ ವಂತಿಗೆ, ಪೆಟ್ರೋಲು, ತರಬೇತಿ, ಕಚೇರಿ ಎಲ್ಲ ಸೇರಿಸಿ ಇಂಗ್ಲೆಂಡಿನಲ್ಲಿ ಗಂಟೆಗೆ ಕನಿಷ್ಠ 32.14 ಪೌಂಡ್ ಬೇಕೆಂದು ಹೋಮ್‌ಕೇರ್ ಅಸೋಸಿಯೇಷನ್ ಆ ವರ್ಷ ಲೆಕ್ಕ ಕೊಟ್ಟಿತು. ಅದು ಏಜೆನ್ಸಿಗಳ ಸಂಘ, ತನ್ನ ಪರವಾಗಿಯೇ ಮಾತಾಡುತ್ತದೆ. ಆದರೂ ಕೂಡಿಸಿ ನೋಡಿದರೆ ಲೆಕ್ಕ ಅತಿಯೆನಿಸುವುದಿಲ್ಲ. ಅದಕ್ಕಿಂತ ಕಡಿಮೆ ಕೊಡುವ ಕೌನ್ಸಿಲ್‌ಗಳು ಬಹಳ. ಕೊರತೆ ತುಂಬುವುದು ಭೇಟಿಯ ಅವಧಿಯನ್ನು ಕತ್ತರಿಸಿ. ಹದಿನೈದು ನಿಮಿಷದಲ್ಲಿ ಒಬ್ಬ ಅಜ್ಜನನ್ನು ಎಬ್ಬಿಸಿ, ಮೈ ತೊಳೆದು, ತಿಂಡಿ ಕೊಟ್ಟು ಹೊರಡಲಾಗುವುದಿಲ್ಲ. ಆಯ್ದ ಸಂದರ್ಭಗಳನ್ನು ಬಿಟ್ಟರೆ ಭೇಟಿ ಅರ್ಧ ಗಂಟೆಗಿಂತ ಕಡಿಮೆ ಇರಬಾರದೆಂದು ರಾಷ್ಟ್ರೀಯ ಮಾರ್ಗಸೂಚಿ 2015ರಲ್ಲೇ ಹೇಳಿದೆ.

ಜಂಟಿ ಖರೀದಿಯ ಬಗ್ಗೆ ನನ್ನ ಅನುಮಾನ ಶುರುವಾಗುವುದು ಈ ಮನೆ ಬಾಗಿಲಿನ ಆರೈಕೆಯಲ್ಲಿ. ಮೂರು ಕೌನ್ಸಿಲ್ ಸೇರಿ ಟೆಂಡರ್ ಕರೆದರೆ ಗಂಟೆಗಳ ಸಂಖ್ಯೆ ದೊಡ್ಡದಾಗುತ್ತದೆ. ಸಿಮೆಂಟೋ ಕಾಗದವೋ ಆಗಿದ್ದರೆ ಸಗಟಿನಲ್ಲಿ ಅಗ್ಗವಾಗುತ್ತಿತ್ತು. ಇಲ್ಲಿ ಖರ್ಚಿನ ಬಹುಪಾಲು ಕೇರರ್‌ನ ಸಮಯ. ಸಾವಿರ ಮನೆಗಳಿಗೆ ಗುತ್ತಿಗೆ ಹಿಡಿದರೂ ಒಬ್ಬರನ್ನು ಮೀಯಿಸಲು ಬೇಕಾದಷ್ಟು ಹೊತ್ತು ಬೇಕೇ ಬೇಕು. ಖರ್ಚು ಕಡಿಮೆಯಾಗುವುದು ಮನೆಗಳು ಒತ್ತೊತ್ತಾಗಿದ್ದು ಓಡಾಟ ತಗ್ಗಿದಾಗ. ಅದಕ್ಕೆ ಬೇಕಾದದ್ದು ಚಿಕ್ಕ ಬಡಾವಣೆ, ದೊಡ್ಡ ಪ್ರದೇಶವಲ್ಲ. ಇಪ್ಪತ್ತು ಕೇರರ್‌ಗಳನ್ನಿಟ್ಟುಕೊಂಡು ನಾಲ್ಕು ಬೀದಿಗಳಲ್ಲಿ ಚೆನ್ನಾಗಿ ಕೆಲಸ ಮಾಡುವ ಏಜೆನ್ಸಿ ನೂರಾರು ಪುಟದ ಜಂಟಿ ಟೆಂಡರ್ ಕಂಡು ಹಿಂದೆ ಸರಿಯುತ್ತದೆ. ಇದು ಗೊತ್ತಿರುವ ಕೌನ್ಸಿಲ್‌ಗಳು ಒಂದೇ ಟೆಂಡರನ್ನು ಬಡಾವಣೆವಾರು ತುಂಡುಗಳಾಗಿ ಒಡೆಯುತ್ತವೆ. ಕೇರ್ ಹೋಮ್, ಕ್ಲಿಷ್ಟ ಅಂಗವೈಕಲ್ಯದವರ ವಸತಿ, ಮನೆಗೆ ಬೇಕಾದ ಹಾಸಿಗೆ ಗಾಲಿಕುರ್ಚಿಗಳ ಪೂರೈಕೆ, ಇವುಗಳ ಮಾತು ಬೇರೆ. ಅಪರೂಪದ್ದನ್ನು ಒಟ್ಟಾಗಿ ಕೊಳ್ಳಲಿ, ದಿನನಿತ್ಯದ್ದನ್ನು ಹತ್ತಿರದಲ್ಲೇ ಕೊಳ್ಳಲಿ ಎಂಬುದು ನನ್ನ ಎಣಿಕೆ.

ರಾಜಕೀಯ ಇಡೀ ಕೂಟವನ್ನೇ ಒಡೆಯಬಹುದು ಎಂಬುದಕ್ಕೆ ಲಂಡನ್ನಿನ ಟ್ರೈ-ಬರೋ ಸಾಕ್ಷಿ. 2011ರಲ್ಲಿ ವೆಸ್ಟ್‌ಮಿನ್‌ಸ್ಟರ್, ಕೆನ್ಸಿಂಗ್ಟನ್ ಅಂಡ್ ಚೆಲ್ಸಿ, ಹ್ಯಾಮರ್‌ಸ್ಮಿತ್ ಅಂಡ್ ಫುಲಮ್ ಕೌನ್ಸಿಲ್‌ಗಳು ವಯಸ್ಕರ ಆರೈಕೆ, ಮಕ್ಕಳ ಸೇವೆ, ಗ್ರಂಥಾಲಯಗಳನ್ನು ಒಟ್ಟು ಸೇರಿಸಲು ಹೊರಟವು. ಮೂರರಲ್ಲೂ ಆಗ ಕನ್ಸರ್ವೇಟಿವ್ ಆಡಳಿತ. ಆರೈಕೆ ಇಲಾಖೆಗೆ ಮೂರಕ್ಕೂ ಸೇರಿ ಒಬ್ಬರೇ ನಿರ್ದೇಶಕರು. ತೀರ್ಮಾನ ಮಾತ್ರ ಆಯಾ ಕೌನ್ಸಿಲ್‌ನದು. 2014ರಲ್ಲಿ ಹ್ಯಾಮರ್‌ಸ್ಮಿತ್ ಲೇಬರ್ ಪಕ್ಷದ ಕೈಗೆ ಬಂತು. ಮರುವರ್ಷ ಅದು ಮನೆ ಆರೈಕೆಗೆ ವಿಧಿಸುತ್ತಿದ್ದ ಶುಲ್ಕವನ್ನೇ ತೆಗೆದುಹಾಕಿತು. ಒಂದೇ ಇಲಾಖೆಯ ಅಧಿಕಾರಿಗಳು ಒಂದು ಬೀದಿಯಲ್ಲಿ ಶುಲ್ಕ ವಸೂಲಿ ಮಾಡಬೇಕು, ಮುಂದಿನ ಬೀದಿಯಲ್ಲಿ ಬೇಡ. 2017ರ ಮಾರ್ಚ್‌ನಲ್ಲಿ ಉಳಿದೆರಡು ಕೌನ್ಸಿಲ್‌ಗಳು ಒಪ್ಪಂದದಿಂದ ಹೊರಬರುವ ನೋಟಿಸ್ ಕೊಟ್ಟವು, 2018ರಲ್ಲಿ ಮೂವರ ಕೂಟ ಮುರಿಯಿತು, ಆ ಇಬ್ಬರು ಜೊತೆಯಾಗಿ ಮುಂದುವರಿದರು. ತಪ್ಪು ಯಾರದೆಂಬ ಬಗ್ಗೆ ಎರಡು ಕಡೆಯೂ ಎರಡು ಕಥೆ. ನನಗೆ ಇದು ಪೂರ್ತಿ ಸೋಲೆಂದು ಅನಿಸುವುದಿಲ್ಲ. ಮತದಾರರು ಬೇರೆ ದಾರಿ ಆರಿಸಿಕೊಂಡಾಗ ಒಪ್ಪಂದ ಅದಕ್ಕೆ ಅಡ್ಡ ನಿಲ್ಲಲಿಲ್ಲ. ಆದರೆ ಒಟ್ಟಾಗುವಾಗಲೇ ಬೇರೆಯಾಗುವ ಬಗೆಯನ್ನೂ ಬರೆದಿಟ್ಟುಕೊಳ್ಳಬೇಕು: ಸಿಬ್ಬಂದಿ ಯಾರ ಪಾಲಿಗೆ, ಉಳಿದ ಗುತ್ತಿಗೆಗಳು ಯಾರ ಹೆಸರಿಗೆ, ನಷ್ಟ ಯಾರ ತಲೆಗೆ. ಹೊಣೆಯಂತೂ ಹಂಚಿಹೋಗುವುದಿಲ್ಲ. ಕೇರ್ ಕಾಯ್ದೆಯ 79ನೇ ಕಲಂ ಪ್ರಕಾರ ಕೆಲಸ ಬೇರೆಯವರಿಗೆ ವಹಿಸಿದರೂ ಅವರು ಮಾಡಿದ್ದು ಕೌನ್ಸಿಲ್ ಮಾಡಿದಂತೆಯೇ.

ಗುತ್ತಿಗೆ ಕೈ ಬದಲಾದಾಗ ಕೇರರ್‌ಗಳು ಏನಾಗುತ್ತಾರೆ? ಟ್ಯೂಪಿ ಎಂದು ಕರೆಯುವ 2006ರ ನಿಯಮಗಳಿವೆ. ಅವು ಅನ್ವಯಿಸಿದರೆ ಕೆಲಸಗಾರರು ಹಳೆಯ ಷರತ್ತುಗಳೊಂದಿಗೇ ಹೊಸ ಏಜೆನ್ಸಿಗೆ ವರ್ಗವಾಗುತ್ತಾರೆ. ಹೊರದೇಶದಿಂದ ಬಂದವರಿಗೆ ಇದು ಇನ್ನಷ್ಟು ಇಕ್ಕಟ್ಟು. 2022ರ ಫೆಬ್ರುವರಿಯಲ್ಲಿ ಕೇರರ್‌ಗಳಿಗೆ ತೆರೆದ ವೀಸಾ ಮೂಲಕ ಭಾರತದಿಂದ, ಆಫ್ರಿಕಾದಿಂದ ಬಹಳ ಮಂದಿ ಹೋದರು, ನಮ್ಮ ನಾಡಿನವರೂ ಇದ್ದಾರೆ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸಬರನ್ನು ಹಾಗೆ ಕರೆಸಿಕೊಳ್ಳುವುದು ನಿಂತಿದೆ. ಆ ವೀಸಾ ಅಂಟಿಕೊಂಡಿರುವುದು ಏಜೆನ್ಸಿಯ ಪ್ರಾಯೋಜಕತ್ವಕ್ಕೆ. ಏಜೆನ್ಸಿ ಟೆಂಡರ್ ಸೋತು ಕೆಲಸ ಹೋದರೆ ಹೊಸ ಪ್ರಾಯೋಜಕರನ್ನು ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ.

ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಮನೆಯ ಹಿರಿಯರಿಗಾಗಿ ಕೌನ್ಸಿಲ್ ಬಾಗಿಲು ತಟ್ಟುವಾಗ ತಿಳಿದಿರಬೇಕಾದದ್ದು ಕೆಲವಿದೆ. ಯಾವ ಆರೈಕೆ ಬೇಕೆಂದು ಅಳೆಯುವ ತಪಾಸಣೆ ಉಚಿತ, ಆದಾಯ ಎಷ್ಟೇ ಇರಲಿ. ಕೇರ್ ಹೋಮ್ ಬೇಕೆಂದಾದರೆ ಜಂಟಿ ಟೆಂಡರಿನ ಪಟ್ಟಿಯಲ್ಲಿರುವ ಹೋಮ್‌ಗೇ ಹೋಗಬೇಕೆಂದಿಲ್ಲ. ಅಗತ್ಯಕ್ಕೆ ಹೊಂದುವ ಬೇರೆ ಹೋಮ್ ಆರಿಸುವ ಹಕ್ಕು 2014ರ ನಿಯಮಗಳಲ್ಲಿದೆ, ಅದು ಕೌನ್ಸಿಲ್ ಲೆಕ್ಕ ಹಾಕಿದ ಮೊತ್ತಕ್ಕಿಂತ ದುಬಾರಿಯಾದರೆ ವ್ಯತ್ಯಾಸವನ್ನು ಸಾಮಾನ್ಯವಾಗಿ ಮಕ್ಕಳೋ ನೆಂಟರೋ ತುಂಬಬೇಕಾಗುತ್ತದೆ. ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷ್ ಕಳೆದುಕೊಂಡು ಕನ್ನಡಕ್ಕೆ ಮರಳಿದ ಅಮ್ಮನಿಗೆ ಯಾವ ಚೌಕಟ್ಟು ಒಪ್ಪಂದವೂ ಕನ್ನಡ ಬಲ್ಲ ಕೇರರನ್ನು ಹುಡುಕಿಕೊಡುವುದು ಕಷ್ಟ. ಅಂಥ ಕಡೆ ಡೈರೆಕ್ಟ್ ಪೇಮೆಂಟ್ ಕೇಳಬಹುದು. ಕೌನ್ಸಿಲ್ ಹಣವನ್ನೇ ಕೈಗೆ ಕೊಡುತ್ತದೆ, ಮನೆಯವರು ತಮಗೆ ಬೇಕಾದ ಕೇರರನ್ನು ತಾವೇ ನೇಮಿಸಿಕೊಳ್ಳಬಹುದು. ಹಾಗೆ ನೇಮಿಸಿಕೊಂಡರೆ ಸಂಬಳ, ರಜೆ, ವಿಮೆಯ ಕಾಗದಪತ್ರವೆಲ್ಲ ಮಾಲೀಕರಾದವರ ಹೊಣೆ. ಒಂದೇ ಮನೆಯಲ್ಲಿ ವಾಸಿಸುವ ಸೊಸೆಗೋ ಮಗನಿಗೋ ಆ ಹಣದಿಂದ ಸಂಬಳ ಕೊಡಲು ಮಾತ್ರ, ವಿಶೇಷ ಕಾರಣವಿಲ್ಲದೆ, ಕೌನ್ಸಿಲ್ ಒಪ್ಪುವುದಿಲ್ಲ.